ಇಖಾಮ: ಸೌದಿ ಅರೇಬಿಯಾದಲ್ಲಿ ವಾಸ, ಕೆಲಸ ಮತ್ತು ವಾಪಸಾತಿಯ ಕಾನೂನು

ಸೌದಿ ಅರೇಬಿಯಾದಲ್ಲಿ ನೆಲೆಸಿ ದುಡಿಯುವ ವಿದೇಶಿಯರಿಗೆ ಅಲ್ಲಿನ ಸರಕಾರ ಕೊಡುವ ವಾಸ ಪರವಾನಿಗೆಗೆ ಇಖಾಮ ಎಂದು ಹೆಸರು. ಮಂಜೇಶ್ವರ, ಉಪ್ಪಳ, ಕುಂಬಳೆ, ಕಾಸರಗೋಡಿನ ಮನೆಗಳಲ್ಲಿ ಅರಬಿ ಓದಲು ಬಾರದವರಿಗೂ ಈ ಪದ ಗೊತ್ತು. "ಅವನ ಇಖಾಮ ಮುಗಿದಿದೆ ಅಂತೆ" ಎಂಬ ಒಂದು ಮಾತು ಊರಿಗೆ ತಲುಪಿದರೆ ಸಾಕು, ಉಳಿದದ್ದನ್ನು ಯಾರೂ ಬಿಡಿಸಿ ಹೇಳಬೇಕಾಗಿಲ್ಲ. ಬ್ಯಾಂಕ್ ಖಾತೆ, ಮೊಬೈಲ್ ಸಿಮ್, ಆಸ್ಪತ್ರೆ, ಬಾಡಿಗೆ ಮನೆ, ಡ್ರೈವಿಂಗ್ ಲೈಸೆನ್ಸ್, ಊರಿಗೆ ಕಳಿಸುವ ಹಣ ಎಲ್ಲವೂ ಈ ಒಂದು ಸಂಖ್ಯೆಯ ಮೇಲೆ ನಿಂತಿರುತ್ತವೆ.

ಇಖಾಮ ಸಂಖ್ಯೆ ಹತ್ತು ಅಂಕಿಯದ್ದು. ಸೌದಿ ಪ್ರಜೆಗಳ ಗುರುತಿನ ಸಂಖ್ಯೆ 1ರಿಂದ, ವಿದೇಶಿಯರದ್ದು 2ರಿಂದ ಶುರುವಾಗುತ್ತದೆ. ಹಿಂದೆ ಇದು ಪಾಸ್‌ಪೋರ್ಟ್‌ನಂಥ ಸಣ್ಣ ಪುಸ್ತಕವಾಗಿತ್ತು, ಆಮೇಲೆ ವರ್ಷಕ್ಕೊಮ್ಮೆ ಹೊಸದಾಗಿ ಅಚ್ಚು ಹಾಕುವ ಕಾರ್ಡ್ ಆಯಿತು. 2015ರ ಅಕ್ಟೋಬರ್‌ನಲ್ಲಿ, ಅಂದರೆ ಹಿಜರಿ 1437ರ ಆರಂಭದಲ್ಲಿ, 'ಹವಿಯ್ಯತ್ ಮುಖೀಮ್' ಎಂಬ ಐದು ವರ್ಷದ ಕಾರ್ಡ್ ಬಂತು. ಇಲ್ಲೇ ಹಲವರಿಗೆ ಗೊಂದಲ. ಕಾರ್ಡ್ ಐದು ವರ್ಷ ಬಾಳುತ್ತದೆ ಅಂತ ಇಖಾಮ ಐದು ವರ್ಷ ಇರುವುದಿಲ್ಲ. ನಿಜವಾದ ಅವಧಿ ಸರಕಾರದ ಕಂಪ್ಯೂಟರಿನಲ್ಲಿ ಇರುತ್ತದೆ, ಅದನ್ನು ಅಬ್ಶಿರ್ ಆ್ಯಪ್‌ನಲ್ಲಿ ನೋಡಿಯೇ ತಿಳಿಯಬೇಕು. ಜೇಬಿನಲ್ಲಿ ಕಾರ್ಡ್ ಇದೆ ಅಂತ ಧೈರ್ಯದಿಂದ ಓಡಾಡುತ್ತಿದ್ದವರು ಚೆಕ್‌ಪೋಸ್ಟ್‌ನಲ್ಲಿ ನಂಬರ್ ಹೊಡೆದಾಗ ಸಿಕ್ಕಿಬಿದ್ದದ್ದು ಹೀಗೆಯೇ.

ದಿನಾಂಕದ ಲೆಕ್ಕವೂ ಬೇರೆ. ಇಖಾಮ ಬಹುಕಾಲ ಹಿಜರಿ ಕ್ಯಾಲೆಂಡರ್ ಮೇಲೆ ನಡೆಯುತ್ತಿತ್ತು, ಪಾಸ್‌ಪೋರ್ಟ್ ಇಂಗ್ಲಿಷ್ ತಿಂಗಳ ಮೇಲೆ. ಹಿಜರಿ ವರ್ಷ ಸುಮಾರು ಹನ್ನೊಂದು ದಿನ ಚಿಕ್ಕದು. "ಹೋದ ವರ್ಷ ಇದೇ ತಾರೀಕಿಗೆ ಮಾಡಿಸಿದ್ದು" ಎಂದು ಇಂಗ್ಲಿಷ್ ತಿಂಗಳಲ್ಲಿ ನೆನಪಿಟ್ಟುಕೊಂಡವನಿಗೆ ಅವಧಿ ಆಗಲೇ ಮುಗಿದಿರುತ್ತಿತ್ತು.

ಊರಿಂದ ಹೊರಡುವ ಮೊದಲು

1983ರ ಎಮಿಗ್ರೇಶನ್ ಕಾಯ್ದೆ ಪ್ರಕಾರ ಹತ್ತನೇ ತರಗತಿ ಪಾಸಾಗದವರ ಪಾಸ್‌ಪೋರ್ಟ್ ಸಾಮಾನ್ಯವಾಗಿ ಇಸಿಆರ್ ವರ್ಗಕ್ಕೆ ಸೇರುತ್ತದೆ. ಸೌದಿ ಸೇರಿ ಹದಿನೆಂಟು ದೇಶಗಳಿಗೆ ಕೆಲಸಕ್ಕೆ ಹೋಗಲು ಇವರಿಗೆ ಇ-ಮೈಗ್ರೇಟ್ ಮೂಲಕ ಸರಕಾರದ ಅನುಮತಿ ಬೇಕು. ಇದನ್ನು ಕಿರಿಕಿರಿ ಅಂತ ಭಾವಿಸಿ ತಪ್ಪಿಸಲು ನೋಡುವವರೇ ಹೆಚ್ಚು. ಆದರೆ ಈ ದಾರಿಯಲ್ಲಿ ಹೋದವನ ಸಂಬಳ, ಕಂಪೆನಿ, ಕೆಲಸ ಎಲ್ಲ ಭಾರತ ಸರಕಾರದ ದಾಖಲೆಯಲ್ಲಿ ಇರುತ್ತದೆ. ನಾಳೆ ರಿಯಾದ್‌ನ ರಾಯಭಾರ ಕಚೇರಿಗೋ ಜಿದ್ದಾದ ಕಾನ್ಸುಲೇಟಿಗೋ ಹೋಗಬೇಕಾಗಿ ಬಂದರೆ ತೋರಿಸಲು ಏನಾದರೂ ಇರುತ್ತದೆ. ಜತೆಗೆ ಪ್ರವಾಸಿ ಭಾರತೀಯ ಬಿಮಾ ಯೋಜನೆಯ ಹತ್ತು ಲಕ್ಷ ರೂಪಾಯಿಯ ಅಪಘಾತ ವಿಮೆ ಇದೆ. ಎರಡು ವರ್ಷಕ್ಕೆ 275, ಮೂರು ವರ್ಷಕ್ಕೆ 375 ರೂಪಾಯಿ. ಮಂಗಳೂರಿನಿಂದ ಕಾಸರಗೋಡಿಗೆ ಟ್ಯಾಕ್ಸಿ ಮಾಡಿದರೆ ಇದಕ್ಕಿಂತ ಹೆಚ್ಚಾಗುತ್ತದೆ.

ಹೆಸರಿನ ವಿಷಯದಲ್ಲಿ ಜಾಗ್ರತೆ ಬೇಕು. ಪಾಸ್‌ಪೋರ್ಟ್‌ನ ಇಂಗ್ಲಿಷ್ ಹೆಸರನ್ನು ಅಲ್ಲಿ ಅರಬಿ ಲಿಪಿಗೆ ಇಳಿಸುತ್ತಾರೆ. ಅರಬಿಯಲ್ಲಿ ಪಕಾರ ಇಲ್ಲ, ಅದಕ್ಕೆ ಬಕಾರ ಹಾಕ್ತಾರೆ. ಕುಂಞಿ ಎಂಬ ಹೆಸರನ್ನು ಹತ್ತು ಗುಮಾಸ್ತರು ಹತ್ತು ರೀತಿ ಬರೆದಾರು. ಇಖಾಮದಲ್ಲಿ ಒಂದು, ಬ್ಯಾಂಕಿನಲ್ಲಿ ಇನ್ನೊಂದು ಹೆಸರಾದರೆ ಮುಂದೆ ಕಷ್ಟ. ಮೊದಲ ಇಖಾಮ ಕೈಗೆ ಬಂದ ದಿನವೇ ಅರಬಿ ಓದಬಲ್ಲ ಯಾರಿಗಾದರೂ ತೋರಿಸಿ ಅಕ್ಷರ ಅಕ್ಷರ ನೋಡಿಸಿಕೊಳ್ಳುವುದು ಒಳ್ಳೆಯದು. ಮದ್ರಸದಲ್ಲಿ ಕಲಿತ ಓದು ಇಲ್ಲಿ ನೇರವಾಗಿ ಉಪಯೋಗಕ್ಕೆ ಬರುತ್ತದೆ.

ವೀಸಾದಲ್ಲಿ ಬರೆದಿರುವ ವೃತ್ತಿ ಯಾವುದು ಎಂಬುದನ್ನೂ ವಿಮಾನ ಹತ್ತುವ ಮುಂಚೆ ಓದಿಸಿಕೊಳ್ಳಬೇಕು. ಏಜೆಂಟ್ ಬಾಯಲ್ಲಿ ಸೇಲ್ಸ್‌ಮ್ಯಾನ್, ವೀಸಾದಲ್ಲಿ ಕುರಿ ಕಾಯುವವನು. ಈ ಕಥೆ ಹಳೆಯದು, ಆದರೆ ಮುಗಿದಿಲ್ಲ.

ಇಖಾಮ ಯಾರು ಮಾಡಿಸಬೇಕು, ಯಾರು ಹಣ ಕೊಡಬೇಕು

ಕೆಲಸದ ವೀಸಾದಲ್ಲಿ ಇಳಿದ 90 ದಿನಗಳೊಳಗೆ ಉದ್ಯೋಗದಾತ, ಅಂದರೆ ಕಫೀಲ್, ಇಖಾಮ ಮಾಡಿಸಬೇಕು. ವೈದ್ಯಕೀಯ ಪರೀಕ್ಷೆ, ಆರೋಗ್ಯ ವಿಮೆ, ಬೆರಳಚ್ಚು (ಇದನ್ನೇ ನಮ್ಮವರು ಬಸ್ಮಾ ಅನ್ನುವುದು) ಆದ ಮೇಲೆ ಜವಾಝಾತ್ ಇಲಾಖೆ ಇಖಾಮ ಕೊಡುತ್ತದೆ. ಅದಕ್ಕೂ ಮೊದಲು ಕಾರ್ಮಿಕ ಇಲಾಖೆಯ ಕೆಲಸದ ಪರವಾನಿಗೆ ಬೇಕು. ಜನ ಇದನ್ನು 'ಮಕ್ತಬ್ ಅಮಲ್' ಅಂತಲೇ ಕರೆಯುತ್ತಾರೆ, ಅದು ಕಚೇರಿಯ ಹೆಸರಾದರೂ.

ಸೌದಿ ಕಾರ್ಮಿಕ ಕಾನೂನಿನ 40ನೇ ಕಲಂ ಇಲ್ಲಿ ಸ್ಪಷ್ಟ. ಕರೆಸಿಕೊಳ್ಳುವ ಖರ್ಚು, ಇಖಾಮ ಮತ್ತು ಕೆಲಸದ ಪರವಾನಿಗೆಯ ಶುಲ್ಕ, ನವೀಕರಣ, ತಡವಾದರೆ ಬೀಳುವ ದಂಡ, ವೃತ್ತಿ ಬದಲಾವಣೆ, ರಜೆಯ ವೀಸಾ, ಕರಾರು ಮುಗಿದ ಮೇಲೆ ಊರಿಗೆ ಟಿಕೆಟ್ ಎಲ್ಲವೂ ಉದ್ಯೋಗದಾತನ ಹೊಣೆ. ಕಾನೂನು ಹಾಗೆ. ನಡೆಯುವುದು ಹೇಗೆ ಅಂತ ತಿಳಿಯಲು ಸ್ವಲ್ಪ ಲೆಕ್ಕ ಹಾಕಬೇಕು.

ಇಖಾಮ ಶುಲ್ಕ ವರ್ಷಕ್ಕೆ 650 ರಿಯಾಲ್. ಇದು ದೊಡ್ಡದಲ್ಲ. ದೊಡ್ಡದು ಲೆವಿ. 2018ರಿಂದ ಪ್ರತಿ ವಿದೇಶಿ ನೌಕರನ ಮೇಲೆ ತಿಂಗಳ ಲೆವಿ ಏರುತ್ತಾ ಹೋಯಿತು. ಸೌದಿಗಳಿಗಿಂತ ವಿದೇಶಿಯರು ಹೆಚ್ಚಿರುವ ಸಂಸ್ಥೆಗೆ 2018ರಲ್ಲಿ 400, 2019ರಲ್ಲಿ 600, 2020ರಲ್ಲಿ 800 ರಿಯಾಲ್. ವರ್ಷಕ್ಕೆ 9,600 ಆಯಿತು. ಪರವಾನಿಗೆಯ 100, ಇಖಾಮದ 650 ಸೇರಿಸಿದರೆ 10,350. ವಿಮೆ ಬೇರೆ. ಅಂಗಡಿಯಲ್ಲಿ ತಿಂಗಳಿಗೆ 1,800 ರಿಯಾಲ್ ಪಡೆಯುವ ಹುಡುಗನ ವರ್ಷದ ಸಂಬಳ 21,600. ಅಂದರೆ ಅವನ ಸಂಬಳದ ಹತ್ತಿರ ಅರ್ಧದಷ್ಟನ್ನು ಮಾಲಿಕ ಮತ್ತೆ ಸರಕಾರಕ್ಕೆ ಕಟ್ಟಬೇಕು. ದೊಡ್ಡ ಕಂಪೆನಿಗಳು ಕಟ್ಟುತ್ತವೆ. ಪರವಾನಿಗೆ ಪಡೆದ ಕಾರ್ಖಾನೆಗಳ ಲೆವಿಯನ್ನು 2019ರ ಅಕ್ಟೋಬರ್‌ನಿಂದ ಸರಕಾರವೇ ಹೊರಲು ತೊಡಗಿತು. ಒಂಬತ್ತು ಅಥವಾ ಕಡಿಮೆ ಜನರಿರುವ, ಸೌದಿ ಮಾಲಿಕ ಸ್ವತಃ ದುಡಿಯುವ ಸಣ್ಣ ಸಂಸ್ಥೆಗಳಿಗೂ ಕೆಲವು ನೌಕರರ ಮಟ್ಟಿಗೆ ವಿನಾಯಿತಿ ಬಂತು. ಸಿಕ್ಕಿಹಾಕಿಕೊಂಡದ್ದು ನಡುವಿನವರು. ಅಲ್ಲಿ ಲೆವಿ ಸದ್ದಿಲ್ಲದೆ ನೌಕರನ ತಲೆಗೆ ಬರುತ್ತದೆ, ಇಲ್ಲವೇ ನವೀಕರಣವೇ ನಿಲ್ಲುತ್ತದೆ.

ತಡವಾಗಿ ನವೀಕರಿಸಿದರೆ ಮೊದಲ ಸಲ 500, ಎರಡನೇ ಸಲ 1,000 ರಿಯಾಲ್ ದಂಡ. ಮೂರನೇ ಸಲಕ್ಕೆ ಗಡೀಪಾರು. ತಪ್ಪು ಮಾಲಿಕನದ್ದಾದರೂ ಹೋಗಬೇಕಾದವನು ನೌಕರ ಎನ್ನುವುದು ಈ ವ್ಯವಸ್ಥೆಯ ಅತಿ ಕೆಟ್ಟ ಭಾಗ. 2021ರಿಂದ ಮೂರು ತಿಂಗಳ ಕಂತಿನಲ್ಲಿ ನವೀಕರಿಸುವ ಅವಕಾಶ ಬಂದ ಮೇಲೆ ಕೈಯಲ್ಲಿ ಒಟ್ಟಿಗೆ ಹಣವಿಲ್ಲದ ಮಾಲಿಕರಿಗೆ ಸ್ವಲ್ಪ ಉಸಿರಾಡಲು ಆಯಿತು.

ಫ್ರೀ ವೀಸಾ ಎಂಬ ಹೆಸರಿನ ದುಬಾರಿ ವೀಸಾ

ಇಂಥ ಒಂದು ವೀಸಾ ಸೌದಿ ಕಾನೂನಿನಲ್ಲಿ ಇಲ್ಲವೇ ಇಲ್ಲ. ಯಾರದ್ದೋ ಹೆಸರಿನಲ್ಲಿ ವೀಸಾ ಕೊಂಡು, ಅವನಿಗೆ ವರ್ಷಕ್ಕೋ ತಿಂಗಳಿಗೋ ಹಣ ಕೊಟ್ಟು, ಬೇರೆ ಕಡೆ ದುಡಿಯುವುದಕ್ಕೆ ಊರವರು ಇಟ್ಟ ಹೆಸರು ಅದು. ಇದರಲ್ಲಿ ಹೆಚ್ಚು ಓಡುವುದು ಹೌಸ್ ಡ್ರೈವರ್ ವೃತ್ತಿ. ಕಾರಣ ಲೆಕ್ಕದಲ್ಲೇ ಇದೆ. ಮನೆಗೆಲಸದವರ ಇಖಾಮ ವರ್ಷಕ್ಕೆ 600 ರಿಯಾಲ್, ಸಾಧಾರಣ ಮನೆಗಳಿಗೆ ಆ ದೊಡ್ಡ ಲೆವಿ ಇಲ್ಲ. ಹಾಗಾಗಿ ಇಖಾಮದಲ್ಲಿ ಡ್ರೈವರ್, ನಿಜದಲ್ಲಿ ಬಕಾಲದ ಕೌಂಟರಿನಲ್ಲಿ.

39ನೇ ಕಲಂ ಪ್ರಕಾರ ತನ್ನ ನೌಕರನನ್ನು ಬೇರೆಯವರ ಬಳಿ ದುಡಿಯಲು ಬಿಡುವುದೂ, ಬೇರೆಯವರ ನೌಕರನನ್ನು ಇಟ್ಟುಕೊಳ್ಳುವುದೂ ಅಪರಾಧ. ಪರವಾನಿಗೆಯಲ್ಲಿ ಇಲ್ಲದ ವೃತ್ತಿಯಲ್ಲಿ ದುಡಿಸುವುದನ್ನು 38ನೇ ಕಲಂ ತಡೆಯುತ್ತದೆ. ಸಿಕ್ಕಿಬಿದ್ದರೆ ದಂಡ ಎಲ್ಲರಿಗೂ ಇದೆ, ಆದರೆ ತರ್ಹೀಲ್‌ಗೆ, ಅಂದರೆ ಗಡೀಪಾರು ಕೇಂದ್ರಕ್ಕೆ, ಹೋಗುವುದು ವಿದೇಶಿ ಮಾತ್ರ. ಅಲ್ಲಿ ಬೆರಳಚ್ಚು ಕೊಟ್ಟು ಹೊರಬಿದ್ದವನು ಹಜ್, ಉಮ್ರಾಕ್ಕೆ ಬಿಟ್ಟರೆ ಕೆಲಸಕ್ಕಾಗಿ ಮರಳುವಂತಿಲ್ಲ.

ಅಂಗಡಿ ಇಟ್ಟವರಿಗೆ ಇನ್ನೂ ದೊಡ್ಡ ಅಪಾಯ ಇದೆ, ತಸತ್ತುರ್. ಲೈಸೆನ್ಸ್ ಸೌದಿಯ ಹೆಸರಿನಲ್ಲಿ, ಬಂಡವಾಳ ಮತ್ತು ಲಾಭ ನಮ್ಮವನದ್ದು, ಸೌದಿಗೆ ತಿಂಗಳಿಗೆ ಇಂತಿಷ್ಟು. ಕರಾವಳಿಯ ಎಷ್ಟೋ ಕುಟುಂಬಗಳು ಹೀಗೆಯೇ ಮೇಲೆ ಬಂದವು. 2020ರ ಹೊಸ ಕಾನೂನಿನಲ್ಲಿ ಇದಕ್ಕೆ ಐದು ವರ್ಷದವರೆಗೆ ಜೈಲು, 50 ಲಕ್ಷ ರಿಯಾಲ್‌ವರೆಗೆ ದಂಡ. ಸರಿಪಡಿಸಿಕೊಳ್ಳಲು ಕೊಟ್ಟ ಗಡುವು 2022ರ ಫೆಬ್ರವರಿ 16ಕ್ಕೆ ಮುಗಿಯಿತು. ಕಾನೂನಿನ ಕಣ್ಣಿನಲ್ಲಿ ಆ ಅಂಗಡಿ ನಮ್ಮವನದ್ದು ಅಲ್ಲವೇ ಅಲ್ಲ, ಹಾಗಾಗಿ ಕಫೀಲ್ ಕೈಯೆತ್ತಿದ ದಿನ ಇಪ್ಪತ್ತು ವರ್ಷದ ವ್ಯಾಪಾರಕ್ಕೆ ಕೇಳುವ ಬಾಯಿ ಇರುವುದಿಲ್ಲ. ಬಾಯಿಮಾತಿನ ಪಾಲುದಾರಿಕೆ ಊರಿನಲ್ಲೇ ಕೆಡುವಾಗ, ಪರದೇಶದಲ್ಲಿ ಅದನ್ನು ನಂಬಿ ಮನೆ ಮಾರಿ ಬಂಡವಾಳ ಹಾಕುವುದು ವ್ಯಾಪಾರ ಅಲ್ಲ, ಜೂಜು.

ಹುರೂಬ್

ಓಡಿಹೋಗಿದ್ದಾನೆ ಎಂದು ಕಫೀಲ್ ಕೊಡುವ ದೂರಿಗೆ ಹುರೂಬ್ ಎಂದು ಹೆಸರು. ಇದು ಬಿದ್ದ ಕ್ಷಣದಿಂದ ಇಖಾಮ ಕೆಲಸಕ್ಕೆ ಬಾರದು. ಸಂಬಳ ಕೇಳಿದ್ದಕ್ಕೆ, ಬೇರೆ ಕಡೆ ಹೋಗುತ್ತೇನೆ ಅಂದದ್ದಕ್ಕೆ, ಕೆಲವೊಮ್ಮೆ ಇಖಾಮ ನವೀಕರಣದ ಖರ್ಚು ತಪ್ಪಿಸಲಿಕ್ಕೂ ಸುಳ್ಳು ಹುರೂಬ್ ಹಾಕಿದ್ದುಂಟು. ಎಷ್ಟೋ ಮಂದಿಗೆ ಇದು ಗೊತ್ತಾಗುವುದೇ ತಿಂಗಳುಗಳ ನಂತರ, ಬ್ಯಾಂಕಿನಲ್ಲಿ ಎಟಿಎಂ ನಿಂತಾಗ. ಆದ್ದರಿಂದ ವಾರಕ್ಕೊಮ್ಮೆ ಅಬ್ಶಿರ್‌ನಲ್ಲಿ ತನ್ನ ಸ್ಥಿತಿ ನೋಡುವ ಅಭ್ಯಾಸ ಬೇಕು. ಅಬ್ಶಿರ್ ಖಾತೆಯ ಪಾಸ್‌ವರ್ಡ್, ಅದಕ್ಕೆ ಜೋಡಿಸಿದ ಸಿಮ್ ಎರಡೂ ತನ್ನ ಕೈಯಲ್ಲೇ ಇರಬೇಕು, ರೂಮಿನ ಗೆಳೆಯನ ಕೈಯಲ್ಲಿ ಅಲ್ಲ.

ಕಾರ್ಮಿಕ ಕಾನೂನಿಗೆ ಒಳಪಟ್ಟ ನೌಕರರಿಗೆ 2022ರ ಅಕ್ಟೋಬರ್‌ನಿಂದ ನಿಯಮ ಸ್ವಲ್ಪ ಸಡಿಲವಾಯಿತು. ಉದ್ಯೋಗದಾತ ಗೈರು ಎಂದು ವರದಿ ಮಾಡಿದರೆ ನೌಕರನ ಹೆಸರು ಮೊದಲು ಆ ಸಂಸ್ಥೆಯಿಂದ ಕಳಚಿಕೊಳ್ಳುತ್ತದೆ. ಅಂದಿನಿಂದ 60 ದಿನದೊಳಗೆ ಬೇರೆ ಕಡೆಗೆ ವರ್ಗಾವಣೆ ಆಗಬಹುದು, ಇಲ್ಲವೇ ಫೈನಲ್ ಎಕ್ಸಿಟ್ ಪಡೆದು ಹೋಗಬಹುದು. ಎರಡೂ ಆಗದಿದ್ದರೆ ಗೈರು ದಾಖಲೆ ಗಟ್ಟಿಯಾಗುತ್ತದೆ. ಈ 60 ದಿನಗಳನ್ನು 'ಕಫೀಲ್ ಮನಸ್ಸು ಬದಲಾಯಿಸ್ತಾನೆ' ಎಂದು ಕಾಯುತ್ತಾ ಕಳೆದವರೇ ಜಾಸ್ತಿ.

ಹೌಸ್ ಡ್ರೈವರ್, ಮನೆಗೆಲಸದವರು, ತೋಟದವರು, ಕುರಿ ಕಾಯುವವರು ಕಾರ್ಮಿಕ ಕಾನೂನಿನ ಹೊರಗೆ. ಅವರಿಗೆ ಬೇರೆ ನಿಯಮಾವಳಿ, ಮುಸಾನದ್ ಎಂಬ ಬೇರೆ ವೇದಿಕೆ. 2021ರ ಸುಧಾರಣೆಗಳೂ ಅವರಿಗೆ ಅನ್ವಯಿಸಲಿಲ್ಲ. ಹೌಸ್ ಡ್ರೈವರ್ ವೀಸಾವನ್ನು ಅಗ್ಗ ಅಂತ ಆರಿಸುವವನು ಬಿಟ್ಟುಕೊಡುವುದು ಏನನ್ನು ಎಂಬುದು ಇಲ್ಲಿ ಕಾಣುತ್ತದೆ.

ನಕಲ್ ಕಫಾಲ, ಅಂದರೆ ಮಾಲಿಕ ಬದಲಾವಣೆ

2021ರ ಮಾರ್ಚ್ 14ರಿಂದ ಜಾರಿಗೆ ಬಂದ ಬದಲಾವಣೆಯಲ್ಲಿ, ಒಬ್ಬ ಮಾಲಿಕನ ಬಳಿ ಒಂದು ವರ್ಷ ಮುಗಿಸಿದ ನೌಕರ ಹಳೆಯ ಮಾಲಿಕನ ಒಪ್ಪಿಗೆ ಇಲ್ಲದೆ ಕಿವಾ ವೇದಿಕೆಯ ಮೂಲಕ ಬೇರೆ ಕಡೆ ಸೇರಬಹುದು. ನೋಟಿಸ್ ಅವಧಿ ಪಾಲಿಸಬೇಕು, ಕರಾರು ಕಿವಾದಲ್ಲಿ ದಾಖಲಾಗಿರಬೇಕು. ಮೂರು ತಿಂಗಳು ಸತತ ಸಂಬಳ ಬಾರದಿದ್ದರೆ, ಅಥವಾ ಇಖಾಮ, ಕೆಲಸದ ಪರವಾನಿಗೆ ಮುಗಿದಿದ್ದರೆ ಒಂದು ವರ್ಷ ಕಾಯಬೇಕಾಗಿಲ್ಲ. ವರ್ಗಾವಣೆ ಶುಲ್ಕ ಮೊದಲ ಸಲ 2,000, ಎರಡನೇ ಸಲ 4,000, ಆಮೇಲೆ 6,000 ರಿಯಾಲ್.

'ಕಫಾಲ ರದ್ದಾಯಿತು' ಎಂಬ ವಾಟ್ಸ್‌ಆ್ಯಪ್ ಸಂದೇಶ ವರ್ಷಕ್ಕೆರಡು ಸಲ ಬರುತ್ತಲೇ ಇರುತ್ತದೆ. ಈ ಸುಧಾರಣೆಯಲ್ಲಿ ಆದದ್ದು ಕಫೀಲ್‌ನ ಹಿಡಿತ ಸಡಿಲವಾಗಿದ್ದು ಮಾತ್ರ. ಇಖಾಮ ಮಾಡಿಸುವವನು, ನವೀಕರಿಸುವವನು ಆಮೇಲೂ ಉದ್ಯೋಗದಾತನೇ ಆಗಿ ಉಳಿದ. ಪಾಸ್‌ಪೋರ್ಟ್ ಮಾತ್ರ ಅವನು ಇಟ್ಟುಕೊಳ್ಳುವಂತಿಲ್ಲ, ಅದು ಕಾನೂನಿಗೆ ವಿರುದ್ಧ. ಆದರೂ ಕೊಟ್ಟು ಬಿಡುವುದು ನಮ್ಮವರ ಅಭ್ಯಾಸ.

ಕುಟುಂಬ

2017ರ ಜುಲೈ ತನಕ ಹೆಂಡತಿ ಮಕ್ಕಳನ್ನು ಇಟ್ಟುಕೊಳ್ಳಲು ತಲೆಗೆ ಇಷ್ಟು ಅಂತ ತಿಂಗಳ ತೆರಿಗೆ ಇರಲಿಲ್ಲ. ಆ ತಿಂಗಳಿಂದ ಒಬ್ಬರಿಗೆ ತಿಂಗಳಿಗೆ 100 ರಿಯಾಲ್ ಶುರುವಾಯಿತು, ಪ್ರತಿ ವರ್ಷ 100 ಏರುತ್ತಾ 2020ಕ್ಕೆ 400 ಆಯಿತು. ಹೆಂಡತಿ, ಮೂರು ಮಕ್ಕಳು ಅಂದರೆ ವರ್ಷಕ್ಕೆ 19,200 ರಿಯಾಲ್, ಅದನ್ನೂ ಇಖಾಮ ನವೀಕರಣದ ಹೊತ್ತಿಗೆ ಮುಂಗಡವಾಗಿ. ದಮ್ಮಾಮ್, ಜುಬೈಲ್‌ನಲ್ಲಿ ಶಾಲೆ ಕಲಿಯುತ್ತಿದ್ದ ಮಕ್ಕಳು ಅರ್ಧ ವರ್ಷದಲ್ಲಿ ಊರಿಗೆ ಬಂದು ಮಂಗಳೂರು, ಕಾಸರಗೋಡಿನ ಶಾಲೆಗಳಲ್ಲಿ ಸೀಟು ಹುಡುಕಿದ್ದು ಆ ಕಾಲದಲ್ಲಿ. ಅಪ್ಪ ಮತ್ತೆ ಬ್ಯಾಚುಲರ್ ರೂಮಿಗೆ ಹೋದ. ಒಂದು ತೆರಿಗೆ ಎಷ್ಟು ಮನೆಗಳ ಊಟದ ವ್ಯವಸ್ಥೆಯನ್ನೇ ಬದಲಾಯಿಸಿತು ಎಂಬುದನ್ನು ಯಾವ ಬಜೆಟ್ ಪುಸ್ತಕವೂ ಬರೆಯುವುದಿಲ್ಲ.

ರಜೆ ಮತ್ತು ಕೊನೆಯ ಹೊರಡುವಿಕೆ

ಊರಿಗೆ ಬಂದು ಮರಳಲು ಎಕ್ಸಿಟ್ ರಿ-ಎಂಟ್ರಿ ಬೇಕು. ಒಂದು ಸಲದ್ದಕ್ಕೆ ಎರಡು ತಿಂಗಳವರೆಗೆ 200 ರಿಯಾಲ್, ಮುಂದಿನ ಪ್ರತಿ ತಿಂಗಳಿಗೆ 100. ಹೊರಗಿದ್ದುಕೊಂಡು ವಿಸ್ತರಿಸಿದರೆ ಆ ಹೆಚ್ಚುವರಿ ತಿಂಗಳುಗಳ ಶುಲ್ಕ ದುಪ್ಪಟ್ಟು. ಕೊರೋನಾ ಕಾಲದಲ್ಲಿ ವಿಮಾನವಿಲ್ಲದೆ ಊರಿನಲ್ಲಿ ಸಿಕ್ಕಿಕೊಂಡವರ ಇಖಾಮ, ರಿ-ಎಂಟ್ರಿಗಳನ್ನು ಸೌದಿ ಸರಕಾರ ಹಲವು ಸಲ ಉಚಿತವಾಗಿ ವಿಸ್ತರಿಸಿತ್ತು. ಆದರೂ ನೇರ ಪ್ರವೇಶ ಸಿಕ್ಕಿದ್ದು 2021ರ ಡಿಸೆಂಬರ್ 1ರಿಂದ. ಅದಕ್ಕೆ ಮುಂಚೆ ಮಾಲ್ಡೀವ್ಸ್, ನೇಪಾಳ, ದುಬೈಯಲ್ಲಿ ಹದಿನಾಲ್ಕು ದಿನ ಕಳೆದು ಹೋದವರ ಖರ್ಚು ಈಗಲೂ ಕೆಲವು ಮನೆಗಳ ಸಾಲದ ಪಟ್ಟಿಯಲ್ಲಿದೆ.

ರಿ-ಎಂಟ್ರಿಯಲ್ಲಿ ಹೋಗಿ ಮರಳದವನಿಗೆ ಬೇರೆ ಕಫೀಲ್‌ನ ವೀಸಾದಲ್ಲಿ ಬರಲು ಮೂರು ವರ್ಷದ ತಡೆ ಇತ್ತು. 2024ರ ಜನವರಿಯಲ್ಲಿ ಅದನ್ನು ತೆಗೆದರು.

ಪೂರ್ತಿಯಾಗಿ ಬಿಟ್ಟು ಬರುವವನಿಗೆ ಖುರೂಜ್ ನಿಹಾಯಿ, ಅಂದರೆ ಫೈನಲ್ ಎಕ್ಸಿಟ್. ಹೊಡೆದ ಮೇಲೆ 60 ದಿನದೊಳಗೆ ದೇಶ ಬಿಡಬೇಕು. ಮನಸ್ಸು ಬದಲಾದರೆ ರದ್ದು ಮಾಡಿಸಬೇಕು, ಸುಮ್ಮನೆ ಬಿಟ್ಟರೆ 1,000 ರಿಯಾಲ್ ದಂಡ. ಟ್ರಾಫಿಕ್ ದಂಡ ಬಾಕಿ ಇದ್ದರೆ, ಹೆಸರಿನಲ್ಲಿ ವಾಹನ ಇದ್ದರೆ, ಯಾವುದಾದರೂ ಕೇಸಿನಲ್ಲಿ 'ಮತ್ಲೂಬ್' ಆಗಿದ್ದರೆ ಎಕ್ಸಿಟ್ ಬೀಳುವುದಿಲ್ಲ. ಹತ್ತು ವರ್ಷದ ಹಿಂದೆ ಗೆಳೆಯನಿಗೆ ಜಾಮೀನು ನಿಂತದ್ದು ವಿಮಾನ ನಿಲ್ದಾಣದಲ್ಲಿ ಎದ್ದು ಬರಬಹುದು.

ಹೊರಡುವ ಮೊದಲು ಸೇವಾ ಬಾಬ್ತು ಕೇಳಲೇಬೇಕು. 84ನೇ ಕಲಂ ಪ್ರಕಾರ ಮೊದಲ ಐದು ವರ್ಷಗಳಿಗೆ ವರ್ಷಕ್ಕೆ ಅರ್ಧ ತಿಂಗಳ ಸಂಬಳ, ನಂತರದ ವರ್ಷಗಳಿಗೆ ಪೂರ್ತಿ ಒಂದು ತಿಂಗಳದ್ದು. ಕೊನೆಯ ಸಂಬಳ 2,000 ರಿಯಾಲ್, ಸೇವೆ ಹನ್ನೆರಡು ವರ್ಷ ಎಂದಾದರೆ 5,000 ಮತ್ತು 14,000 ಸೇರಿ 19,000 ರಿಯಾಲ್. ತಾನಾಗಿ ರಾಜೀನಾಮೆ ಕೊಟ್ಟರೆ ಎರಡರಿಂದ ಐದು ವರ್ಷದೊಳಗಿನವನಿಗೆ ಇದರ ಮೂರನೇ ಒಂದು, ಐದರಿಂದ ಹತ್ತರವನಿಗೆ ಮೂರನೇ ಎರಡು, ಹತ್ತು ದಾಟಿದವನಿಗೆ ಪೂರ್ತಿ. ಲೆಕ್ಕ ಮುಗಿಯುವ ಮೊದಲೇ 'ಎಲ್ಲ ಸಿಕ್ಕಿದೆ' ಎಂಬ ಅರಬಿ ಕಾಗದಕ್ಕೆ ಸಹಿ ಹಾಕಿಸಿಕೊಳ್ಳುತ್ತಾರೆ. ಓದದೆ ಸಹಿ ಹಾಕಿದವನಿಗೆ ಆಮೇಲೆ ಕಷ್ಟ.

ಇಖಾಮ ಮುಗಿದು, ಕಫೀಲ್ ಸಿಗದೆ, ಹುರೂಬ್ ಬಿದ್ದು ಉಳಿದವರಿಗೆ ದಾರಿ ಪೂರ್ತಿ ಮುಚ್ಚಿಲ್ಲ. ರಾಯಭಾರ ಕಚೇರಿಯಲ್ಲಿ ಹೆಸರು ನೋಂದಾಯಿಸಿದರೆ ಅದು ಸೌದಿ ಇಲಾಖೆಗಳ ಮೂಲಕ ಎಕ್ಸಿಟ್‌ಗೆ ಪ್ರಯತ್ನಿಸುತ್ತದೆ. ಪಾಸ್‌ಪೋರ್ಟ್ ಇಲ್ಲದವರಿಗೆ ಎಮರ್ಜೆನ್ಸಿ ಸರ್ಟಿಫಿಕೇಟ್ ಕೊಡುತ್ತದೆ, ಊರವರ ಬಾಯಲ್ಲಿ ಇದು ಔಟ್‌ಪಾಸ್. ತೀರಾ ಕೈಲಾಗದವರ ಟಿಕೆಟ್ಟಿಗೆ ಸಮುದಾಯ ಕಲ್ಯಾಣ ನಿಧಿ ಇದೆ. ದೂರು ದಾಖಲಿಸಲು ಮದದ್ ಪೋರ್ಟಲ್ ಇದೆ, ಅದನ್ನು ಊರಲ್ಲಿರುವ ಮನೆಯವರೂ ಬಳಸಬಹುದು. ನಡುನಡುವೆ ಸೌದಿ ಸರಕಾರ ಸಾರ್ವತ್ರಿಕ ಮಾಫಿಯನ್ನೂ ಕೊಡುತ್ತದೆ. 2013ರದ್ದು ನವೆಂಬರ್ 3ಕ್ಕೆ ಮುಗಿದಿತ್ತು, 2017ರದ್ದು ಮಾರ್ಚ್ 29ಕ್ಕೆ ಶುರುವಾಗಿ ಹಲವು ಸಲ ಮುಂದುವರಿಯಿತು. ಹಾಗಂತ ಮುಂದಿನದಕ್ಕೆ ಕಾಯುತ್ತಾ ಕೂರುವುದರಲ್ಲಿ ಅರ್ಥ ಇಲ್ಲ.

ಗಡಿಯ ಆಚೆ ಈಚೆ

ತಲಪಾಡಿ ಗೇಟಿನ ಎರಡು ಬದಿಯಲ್ಲಿ ಒಂದೇ ಮಾತು, ಒಂದೇ ಸಂಬಂಧಗಳಿದ್ದರೂ ಗಲ್ಫಿನವನ ಕಡತ ಬೇರೆ ಬೇರೆ ಕಡೆ ಹೋಗುತ್ತದೆ. ಕಾಸರಗೋಡು ಜಿಲ್ಲೆಯವರ ಪಾಸ್‌ಪೋರ್ಟ್ ಕೋಝಿಕ್ಕೋಡು ವಲಯ ಕಚೇರಿಗೆ ಸೇರಿದ್ದು, ಮಂಗಳೂರಿನವರದ್ದು ಬೆಂಗಳೂರಿಗೆ. ಉಳ್ಳಾಲದ ಅಳಿಯ ಮಂಜೇಶ್ವರದ ಹೆಂಡತಿಯ ಪಾಸ್‌ಪೋರ್ಟ್ ವಿಳಾಸ ಬದಲಾಯಿಸಲು ಹೊರಟಾಗ ಇದು ಅನುಭವಕ್ಕೆ ಬರುತ್ತದೆ.

ಕೇರಳದ ಕಡೆಯವರಿಗೆ ಒಂದು ಅನುಕೂಲ ಇದೆ, ಕನ್ನಡ ಮಾತಾಡುವ ಹೆಚ್ಚಿನವರು ಅದನ್ನು ಬಳಸುವುದಿಲ್ಲ. ನೋರ್ಕಾ ರೂಟ್ಸ್ ಮಲಯಾಳಿಗಳಿಗೆ ಮಾತ್ರ ಎಂಬ ಭಾವನೆ ಇದೆ. ಅಲ್ಲ, ಕೇರಳದ ನಿವಾಸಿ ಆಗಿದ್ದರೆ ಸಾಕು, ಮನೆಮಾತು ಬ್ಯಾರಿಯೋ ಕನ್ನಡವೋ ತುಳುವೋ ಅಂತ ಅಲ್ಲಿ ಕೇಳುವುದಿಲ್ಲ. ಆರು ತಿಂಗಳು ವಿದೇಶದಲ್ಲಿ ಇದ್ದವರಿಗೆ ವಿಮೆ ಸಹಿತವಾದ ಗುರುತಿನ ಚೀಟಿ ಸಿಗುತ್ತದೆ. ಎರಡು ವರ್ಷ ದುಡಿದು ವಾಪಸಾದವರಿಗೆ ಸ್ವಂತ ಉದ್ಯಮಕ್ಕೆ 30 ಲಕ್ಷ ರೂಪಾಯಿವರೆಗಿನ ಬ್ಯಾಂಕ್ ಸಾಲದಲ್ಲಿ ಶೇಕಡಾ 15, ಗರಿಷ್ಠ 3 ಲಕ್ಷ ರೂಪಾಯಿ ಸಬ್ಸಿಡಿ ಇದೆ. ಪ್ರವಾಸಿ ಕಲ್ಯಾಣ ಮಂಡಳಿಯ ಪಿಂಚಣಿಗೆ 60 ವರ್ಷ ತುಂಬುವ ಮೊದಲು ಸದಸ್ಯನಾಗಬೇಕು, ಕನಿಷ್ಠ ಐದು ವರ್ಷ ವಂತಿಗೆ ಕಟ್ಟಬೇಕು. ಅರ್ಜಿಗೆ ಕೇಳುವ ದಾಖಲೆಗಳಲ್ಲಿ ಮುಖ್ಯವಾದುದು ಪಾಸ್‌ಪೋರ್ಟ್ ಮತ್ತು ವೀಸಾ ಪುಟಗಳ ನಕಲು. ಹೊಸ ಪಾಸ್‌ಪೋರ್ಟ್ ಬಂದ ಮೇಲೆ ಮೂಲೆ ಕತ್ತರಿಸಿ ವಾಪಸು ಕೊಟ್ಟ ಹಳೆಯ ಪುಸ್ತಕಗಳು, ಅವಧಿ ಮುಗಿದ ಇಖಾಮದ ನಕಲುಗಳು ಮನೆಯಲ್ಲಿ ಎಲ್ಲಿವೆ ಅಂತ ನೋಡಿ ಒಂದೇ ಕಡತದಲ್ಲಿ ಹಾಕಿಟ್ಟರೆ ಈ ಕೆಲಸ ಒಂದು ದಿನದ್ದು, ಇಲ್ಲದಿದ್ದರೆ ಒಂದು ವರ್ಷದ್ದು.